ಲೆಕ್ಕ ಒಪ್ಪಿಸಬೇಕಿಲ್ಲದ ಓದು

ಅಕ್ಟೋಬರ್ 15 ಬಂತೆಂದರೆ ಮಹಾರಾಷ್ಟ್ರದ ಶಾಲೆಗಳಲ್ಲಿ 'ವಾಚನ ಪ್ರೇರಣಾ ದಿನ'. ಎ.ಪಿ.ಜೆ. ಅಬ್ದುಲ್ ಕಲಾಂ ಅವರ ಹುಟ್ಟುಹಬ್ಬವನ್ನು ಓದಿನ ದಿನವಾಗಿ ಆಚರಿಸಬೇಕೆಂದು ರಾಜ್ಯ ಸರ್ಕಾರ 2015ರಲ್ಲಿ ಶುರುಮಾಡಿದ ಕ್ರಮ ಇದು. ಉದ್ದೇಶ ಒಳ್ಳೆಯದೇ. ರಾಮೇಶ್ವರದಲ್ಲಿ ಪತ್ರಿಕೆ ಹಂಚುತ್ತಿದ್ದ ಹುಡುಗನೊಬ್ಬ ರಾಷ್ಟ್ರಪತಿ ಆದದ್ದಕ್ಕೂ ಓದಿಗೂ ಇರುವ ನಂಟನ್ನು ಮಕ್ಕಳಿಗೆ ಹೇಳಬೇಕಾದದ್ದೇ. ಆದರೆ ಆ ದಿನ ಏನು ನಡೆಯುತ್ತದೆ ಅಂತ ಥಾಣೆ, ಮುಂಬ್ರಾ, ಕಲ್ಯಾಣ್ ಕಡೆಯ ಮಕ್ಕಳನ್ನೇ ಕೇಳಿ ನೋಡಿ. ಸಾಲಾಗಿ ಕೂರಿಸಿ ಕೈಗೊಂದು ಪುಸ್ತಕ ಕೊಡ್ತಾರೆ. ಫೋಟೊ ತೆಗೀತಾರೆ. ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಹೋಗುತ್ತದೆ, ಅಲ್ಲಿಂದ ಮೇಲಿನ ಕಚೇರಿಗೆ. ಪಿರಿಯಡ್ ಮುಗಿಯುವಾಗ ಪುಸ್ತಕ ವಾಪಸ್ ಕಪಾಟಿಗೆ. ಕೆಲವು ಕಡೆ ಮರುದಿನ ಹತ್ತು ಸಾಲಿನ ಸಾರಾಂಶವನ್ನೂ ಬರೆದು ತರಬೇಕು. ಟೀಚರುಗಳನ್ನು ದೂರಿ ಫಲವಿಲ್ಲ, ಅವರಿಂದಲೂ ಯಾರೋ ವರದಿ ಕೇಳುತ್ತಾರೆ. ಆದರೆ ಆ ದಿನ ಮಗು ಕಲಿತದ್ದು ಒಂದೇ ಪಾಠ: ಇಷ್ಟಕ್ಕೆ ಓದುವುದೂ ಒಂದು ಹೋಂವರ್ಕು.

ನಮ್ಮ ಸಮುದಾಯದ ಕಾರ್ಯಕ್ರಮಗಳೂ ಇದಕ್ಕಿಂತ ಬೇರೆಯಲ್ಲ. ಜೂನ್-ಜುಲೈ ತಿಂಗಳಲ್ಲಿ ಮುಂಬ್ರಾದಿಂದ ಪನ್ವೇಲ್‌ವರೆಗೆ ಒಂದಲ್ಲ ಒಂದು ಹಾಲಿನಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತಿರುತ್ತದೆ. ಭಾಷಣ ಮಾಡುವವರು 'ಇಕ್ರಅ್'ನಿಂದ ಶುರುಮಾಡುತ್ತಾರೆ. ವಹ್ಯ್‌ನ ಮೊದಲ ಪದವೇ ಓದಿನ ಆಜ್ಞೆ ಎಂಬುದು ನಮಗೆಲ್ಲ ಅಭಿಮಾನದ ಮಾತು. ಆದರೆ ಭಾಷಣ ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಓದು ಅಂದರೆ ಪರ್ಸೆಂಟೇಜ್ ಆಗಿರುತ್ತದೆ, ಮೂರನೆಯದಕ್ಕೆ ಡಾಕ್ಟರು, ಐಎಎಸ್. ಕೊನೆಗೆ ಶೇಕಡಾ ತೊಂಬತ್ತು ದಾಟಿದ ಮಕ್ಕಳಿಗೆ ಶಾಲು, ಸ್ಮರಣಿಕೆ, ಗೋಡೆ ಗಡಿಯಾರ. ಪುಸ್ತಕ ಕೊಡುವವರು ಇಲ್ಲವೆಂದಲ್ಲ. ಕೊಟ್ಟರೆ ಅದು ಸ್ಪರ್ಧಾತ್ಮಕ ಪರೀಕ್ಷೆಯ ಗೈಡ್.

ಮಕ್ಕಳು ಓದುತ್ತಿಲ್ಲ, ಓದುತ್ತಿಲ್ಲ ಅಂತ ನಾವು ಎಲ್ಲೆಡೆ ಹೇಳುತ್ತೇವೆ. ನನಗೆ ಹಾಗನಿಸುವುದಿಲ್ಲ. ನಮ್ಮ ಮಕ್ಕಳು ಬೆಳಗ್ಗಿನಿಂದ ರಾತ್ರಿವರೆಗೆ ಓದುತ್ತಲೇ ಇರುತ್ತಾರೆ. ತೊಂದರೆ ಏನೆಂದರೆ ಅವರು ಓದುವ ಪ್ರತಿ ಸಾಲಿಗೂ ಯಾರಿಗಾದರೂ ಲೆಕ್ಕ ಒಪ್ಪಿಸಬೇಕು. ಲೆಕ್ಕ ಕೇಳುವವರಿಲ್ಲದ ಒಂದು ಪುಟವೂ ಅವರ ಪಾಲಿಗೆ ಉಳಿದಿಲ್ಲ.

ಇದಕ್ಕೆ ನಮ್ಮ ಭಾಷೆಯಲ್ಲೇ ಒಂದು ಸುಳಿವು ಇದೆ. 'ಮಗ ಓದ್ತಾ ಇದ್ದಾನೆ' ಅಂದರೆ ಪರೀಕ್ಷೆಗೆ ಕೂತಿದ್ದಾನೆ ಅಂತ ಅರ್ಥ. ಅದೇ ಮಗ ಕಾದಂಬರಿ ಹಿಡಿದು ಮಲಗಿದ್ದರೆ 'ಓದೋದು ಬಿಟ್ಟು ಕತೆಪುಸ್ತಕ ಹಿಡ್ಕೊಂಡಿದ್ದಾನೆ' ಅನ್ನುತ್ತೇವೆ. ಕತೆಪುಸ್ತಕ ಓದುವುದು ಓದುವುದಲ್ಲ! ಹಿಂದಿ, ಉರ್ದುವಿನ 'ಪಢ್ನಾ' ಕತೆಯೂ ಇಷ್ಟೇ. ಮರಾಠಿಯವರು ಮಾತ್ರ 'ಅಭ್ಯಾಸ'ವನ್ನೂ 'ವಾಚನ'ವನ್ನೂ ಬೇರೆ ಬೇರೆ ಇಟ್ಟುಕೊಂಡಿದ್ದಾರೆ. ಮಲಯಾಳದಲ್ಲಿ ಇನ್ನೂ ಸೂಕ್ಷ್ಮ: ಕುರ್‌ಆನ್ ಪಾರಾಯಣಕ್ಕೆ 'ಓತ್', ಪುಸ್ತಕ ಓದುವುದಕ್ಕೆ 'ವಾಯನ'. ನಮ್ಮಲ್ಲಿ ಎಲ್ಲವೂ ಒಂದೇ ಪದದೊಳಗೆ ತುರುಕಿಕೊಂಡು ಕೊನೆಗೆ ಪರೀಕ್ಷೆಯೇ ಆ ಪದದ ಯಜಮಾನ ಆಗಿದೆ.

ಮೊಬೈಲಿನ ಮಾತು ತೆಗೆಯದೆ ಈ ವಿಷಯ ಮುಗಿಯುವುದಿಲ್ಲ, ಗೊತ್ತು. ಮೊಬೈಲ್ ಕಾರಣವಲ್ಲ ಅಂತ ನಾನು ಹೇಳುವುದಿಲ್ಲ. ಇದು ನಮ್ಮ ಊರಿನ ರೋಗ ಮಾತ್ರವೂ ಅಲ್ಲ. ಬ್ರಿಟನ್ನಿನ ನ್ಯಾಷನಲ್ ಲಿಟರಸಿ ಟ್ರಸ್ಟ್ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 8ರಿಂದ 18 ವಯಸ್ಸಿನ ಮಕ್ಕಳ ಪೈಕಿ ಬಿಡುವಿನಲ್ಲಿ ಓದುವುದು ಇಷ್ಟ ಎಂದವರು ಶೇ. 32.7 ಮಾತ್ರ. 2005ರಿಂದ ನಡೆಸುತ್ತಿರುವ ಸಮೀಕ್ಷೆಯಲ್ಲಿ ಅದೇ ಅತಿ ಕಡಿಮೆ. ಊರೂರಿಗೆ ಸಾರ್ವಜನಿಕ ಗ್ರಂಥಾಲಯ, ಮಕ್ಕಳ ಪುಸ್ತಕದ ದೊಡ್ಡ ಮಾರುಕಟ್ಟೆ ಇರುವ ದೇಶದ ಕತೆಯೇ ಹೀಗೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಟ್ಯೂಷನ್ ಮುಗಿಸಿ ಒಂಬತ್ತು ಗಂಟೆಗೆ ಮನೆಗೆ ಬಂದ ಹುಡುಗಿ ಮೊಬೈಲ್ ಯಾಕೆ ಹಿಡಿಯುತ್ತಾಳೆ? ಇಡೀ ದಿನದಲ್ಲಿ 'ಇದರಿಂದ ಏನು ಕಲಿತೆ' ಅಂತ ಯಾರೂ ಕೇಳದ ವಸ್ತು ಅದೊಂದೇ. ಪುಸ್ತಕಕ್ಕೂ ಒಂದು ಕಾಲದಲ್ಲಿ ಈ ಭಾಗ್ಯ ಇತ್ತು.

ಲೋಕಲ್ ಟ್ರೇನಿನಲ್ಲಿ ಎಲ್ಲರ ಕೈಯಲ್ಲೂ ಮೊದಲು ಪೇಪರ್ ಇರುತ್ತಿತ್ತು, ಈಗ ಫೋನು ಅಂತ ಹಿರಿಯರು ಬೇಸರಪಡುತ್ತಾರೆ. ಈ ಮಾತನ್ನು ಹೇಳುವವರು ಈಗ ಬೆಳಗ್ಗೆ ಎಂಟಕ್ಕೆ ಡೊಂಬಿವಲಿಯಲ್ಲಿ ಟ್ರೇನ್ ಹತ್ತಿ ನೋಡಬೇಕು. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ಯಾಸೆಂಜರ್ ರೈಲು ಬೋರಿಬಂದರ್‌ನಿಂದ ಥಾಣೆಗೆ ಓಡಿದ ಅದೇ ಹಳಿ ಇದು. 2025ರ ಜೂನ್ 9ರ ಬೆಳಗ್ಗೆ ಮುಂಬ್ರಾ ಬಳಿ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಜನ ಕೆಳಗೆ ಬಿದ್ದು ಸತ್ತರು. ಪೇಪರ್ ಬಿಡಿಸಲು ಎರಡು ಕೈಯಷ್ಟು ಜಾಗವಾದರೂ ಬೇಕಲ್ಲ!

ಇನ್ನು ನಮ್ಮ ಮನೆಗಳ ವಿಷಯಕ್ಕೆ ಬರುತ್ತೇನೆ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯಿಂದ ಬಂದು ಕಲ್ಯಾಣ್, ಮುಂಬ್ರಾ, ವಾಶಿ, ತಳೋಜದಲ್ಲಿ ನೆಲೆ ನಿಂತ ಒಂದು ಬ್ಯಾರಿ ಕುಟುಂಬವನ್ನು ತೆಗೆದುಕೊಳ್ಳಿ. ಉಮ್ಮ-ಉಪ್ಪ ಪರಸ್ಪರ ಮಾತಾಡುವುದು ಬ್ಯಾರಿ. ಅವರಿಬ್ಬರೂ ಶಾಲೆ ಕಲಿತದ್ದು ಕನ್ನಡದಲ್ಲಿ. ಮಗು ಕಟ್ಟಡದ ಕೆಳಗೆ ಆಡುವುದು ಬಂಬಯ್ಯಾ ಹಿಂದಿಯಲ್ಲಿ. ಶಾಲೆ ಇಂಗ್ಲಿಷ್ ಮೀಡಿಯಂ. 2020ರ ಕಾಯ್ದೆಯ ನಂತರ ಯಾವ ಬೋರ್ಡಿನ ಶಾಲೆಯೇ ಆಗಲಿ, ಮರಾಠಿ ಕಡ್ಡಾಯ. ಅಸರ್ ನಮಾಝ್ ಆದ ಮೇಲೆ ಮದ್ರಸ. ಹತ್ತು ವರ್ಷದ ಈ ಮಗುವಿಗೆ ರೋಮನ್, ದೇವನಾಗರಿ, ಅರಬಿ ಹೀಗೆ ಮೂರು ಲಿಪಿ ಬರುತ್ತದೆ. ಕೆಲವರಿಗೆ ಉರ್ದು ಸೇರಿ ನಾಲ್ಕು. ಒಂದು ಎಡದಿಂದ ಬಲಕ್ಕೆ, ಇನ್ನೊಂದು ಬಲದಿಂದ ಎಡಕ್ಕೆ. ಇಷ್ಟು ಲಿಪಿ ಬಿಡಿಸುವ ಮಕ್ಕಳು ಲೋಕದಲ್ಲಿ ಎಷ್ಟು ಕಡೆ ಸಿಕ್ಕಾರು? ಬುದ್ಧಿಗೆ ಕೊರತೆಯಿಲ್ಲ.

ಆದರೆ ಒಂದೊಂದು ಲಿಪಿಯ ಹಿಂದೆಯೂ ಒಬ್ಬೊಬ್ಬರು ನಿಂತಿದ್ದಾರೆ. ಇಂಗ್ಲಿಷಿನ ಹಿಂದೆ ನೌಕರಿ. ಮರಾಠಿ, ಹಿಂದಿಯ ಹಿಂದೆ ಮಾರ್ಕು. ಅರಬಿಯ ಹಿಂದೆ ಉಸ್ತಾದರು, ಅವರ ಹಿಂದೆ ಆಖಿರ. ಮದ್ರಸದ ಓದಿನ ಬಗ್ಗೆ ಇಲ್ಲಿ ಎಚ್ಚರದಿಂದ ಮಾತಾಡಬೇಕು. ಕುರ್‌ಆನನ್ನು ತಜ್ವೀದ್ ಪ್ರಕಾರ ಓದಲು ಕಲಿಯುವುದು ಬೇರೆಯದೇ ಶಿಸ್ತು, ಅಲ್ಲಿ ಒಂದು ಅಕ್ಷರ ತಪ್ಪಿದರೂ ತಿದ್ದಲೇಬೇಕು. ಅರ್ಥ ತಿಳಿಯದಿದ್ದರೂ ಆ ನಾದ ಮಗುವಿನ ಕಿವಿಗೆ, ಉಸಿರಿಗೆ ಕೊಡುವುದು ಸಣ್ಣದಲ್ಲ. ಅದರ ಮೇಲೆ ತಕರಾರು ಇಲ್ಲ. ಎಲ್ಲ ಓದೂ ಅದೇ ರೀತಿ ಆಗಿಬಿಟ್ಟರೆ ಮಾತ್ರ ಕಷ್ಟ. ಇಂಗ್ಲಿಷ್ ಪಾಠದ ಕತೆಯನ್ನೂ ಮಗು ಹೀಗೇ, ತಪ್ಪಿದರೆ ಏಟು ಎಂಬ ಹೆದರಿಕೆಯಲ್ಲಿ ಓದುತ್ತದೆ. ಕತೆಯಲ್ಲಿ ಕತ್ತೆ ಬಾವಿಗೆ ಬಿತ್ತೆಂದರೆ ಅದಕ್ಕೆ ನಗುವ ಮೊದಲು 'ಯಾರು ಯಾರಿಗೆ ಹೇಳಿದರು' ಎಂಬ ಪ್ರಶ್ನೆ ಕಾದಿರುತ್ತದೆ. ನಗು ಬಂದರೂ ಅದಕ್ಕೆ ಮಾರ್ಕಿಲ್ಲ.

ಕನ್ನಡದ ಹಿಂದೆ ಯಾರೂ ಇಲ್ಲ. ಹಾಗಾಗಿ ಅದನ್ನು ಕಲಿಸುವ ಗೋಜಿಗೇ ಯಾರೂ ಹೋಗುವುದಿಲ್ಲ. ಮಹಾರಾಷ್ಟ್ರದ ಬಾಲಭಾರತಿ ಇವತ್ತಿಗೂ ಕನ್ನಡ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಮುಂಬಯಿ ಮಹಾನಗರಪಾಲಿಕೆ ಕನ್ನಡ ಶಾಲೆ ನಡೆಸುತ್ತದೆ, ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನು ಕಟ್ಟಿ ಬೆಳೆಸಿದೆ. ಆದರೆ ನಮ್ಮ ಮಕ್ಕಳು ಅಲ್ಲಿಗೆ ಹೋದದ್ದು ಕಡಿಮೆ. 2025ರ ಏಪ್ರಿಲ್‌ನಲ್ಲಿ ಒಂದನೇ ತರಗತಿಯಿಂದಲೇ ಹಿಂದಿ ಎಂಬ ಆದೇಶ ಬಂತು, ಗದ್ದಲವಾಯಿತು, ಜೂನ್ 29ಕ್ಕೆ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಯಾವ ಭಾಷೆ ಎಷ್ಟನೇ ಕ್ಲಾಸಿನಿಂದ ಎಂದು ಮೂರು ತಿಂಗಳು ಎಲ್ಲರೂ ಜಗಳವಾಡಿದರು. ಮಗುವಿಗೆ ಯಾವ ಭಾಷೆಯಲ್ಲಿ ಕತೆ ಕೇಳೋಕೆ ಇಷ್ಟ ಅಂತ ಕೇಳಿದವರನ್ನು ನಾನು ಕಾಣಲಿಲ್ಲ.

ಇದೇ ಕುಟುಂಬದ ಅಜ್ಜ ಹೇಗೆ ಓದುತ್ತಿದ್ದರು? ನಾಲ್ಕನೆಯದೋ ಐದನೆಯದೋ ಕಲಿತು ಮುಂಬಯಿಗೆ ಬಂದವರು. ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಅದೃಷ್ಟವಿದ್ದವರು ರಾತ್ರಿ ಕನ್ನಡ ರಾತ್ರಿಶಾಲೆಗೆ ಹೋದರು. ಮುಂಬಯಿಯ ಕನ್ನಡ ರಾತ್ರಿಶಾಲೆಗಳಿಂದ ಹೋಟೆಲ್ ಹುಡುಗರು ಮೆಟ್ರಿಕ್ ಮುಗಿಸಿದ್ದು, ವಕೀಲರಾದದ್ದು, ಬರಹಗಾರರಾದದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಅದರ ಪಕ್ಕದಲ್ಲಿ ಇನ್ನೊಂದು ಚರಿತ್ರೆ ಇದೆ, ಅದನ್ನು ಯಾರೂ ಸ್ಮರಣ ಸಂಚಿಕೆಯಲ್ಲಿ ಬರೆಯುವುದಿಲ್ಲ. ಶಾಲೆಗೆ ಹೋಗದ ಹುಡುಗರೂ ಓದುತ್ತಿದ್ದರು. ಊರಿನಿಂದ ಬಂದವರ ಚೀಲದಲ್ಲಿ ಹಳೇ ವಾರಪತ್ರಿಕೆ ಇರುತ್ತಿತ್ತು. ಒಂದು 'ಸುಧಾ', ಒಂದು 'ಕಸ್ತೂರಿ' ಇಡೀ ರೂಮಿನಲ್ಲಿ ಕೈ ಬದಲಾಯಿಸಿ ಕೊನೆಗೆ ಬೈಂಡು ಕಿತ್ತುಹೋಗುತ್ತಿತ್ತು. ಧಾರಾವಾಹಿ ಮುಂದೇನಾಯಿತು ಎಂದು ತಿಳಿಯಲು ಊರಿಗೆ ಕಾಗದ ಬರೆದವರಿದ್ದಾರೆ. ಉರ್ದು ಬಲ್ಲವರ ಕಡೆ ಇಬ್ನೆ ಸಫಿಯ 'ಜಾಸೂಸಿ ದುನಿಯಾ' ಇತ್ತು. 1952ರಲ್ಲಿ ಅಲಹಾಬಾದಿನಿಂದ ಹೊರಟ ಆ ಪತ್ತೇದಾರಿ ಮಾಲೆಯನ್ನು ಭಿವಂಡಿಯ ಮಗ್ಗದ ಕಾರ್ಮಿಕರಿಂದ ಹಿಡಿದು ಮೇಷ್ಟ್ರುಗಳವರೆಗೆ ಬಾಡಿಗೆಗೆ ತಂದು ಓದಿದರು. ಇಮ್ರಾನ್, ಫರೀದಿ, ಹಮೀದ್ ಅಂದರೆ ಹಳಬರ ಮುಖ ಈಗಲೂ ಅರಳುತ್ತದೆ.

ಇವರಲ್ಲಿ ಯಾರನ್ನೂ ಓದು ಅಂತ ಯಾರೂ ಹುರಿದುಂಬಿಸಿರಲಿಲ್ಲ. ಬದಲಿಗೆ ಹಿರಿಯರು ಬೈಯುತ್ತಿದ್ದರು. ಕಾದಂಬರಿ ಓದಿದರೆ ಹಾಳಾಗುತ್ತಾರೆ ಎಂಬ ಮಾತು ನಮ್ಮ ಮನೆಗಳಲ್ಲಿ ಮಾಮೂಲಾಗಿತ್ತು. ಆ ಬೈಗುಳವೇ ಓದನ್ನು ಕಾಪಾಡಿತು ಅಂತ ನನಗೆ ಅನ್ನಿಸುವುದುಂಟು. ದೊಡ್ಡವರು ಕಣ್ಣು ಹಾಕದ ಜಾಗದಲ್ಲಿ ಅದು ತಾನೇ ಬೆಳೆಯಿತು. ಈಗ ನಾವು ಓದನ್ನು ಹೊಗಳಲು ಶುರುಮಾಡಿದ್ದೇವೆ, ಹೊಗಳಿದ ಮೇಲೆ ಉಸ್ತುವಾರಿ ಬರಲೇಬೇಕು.

ಹಾಗೆಂದು ಆ ಕಾಲವನ್ನು ಸ್ವರ್ಗ ಮಾಡಬೇಡಿ. ಆ ಬೈಗುಳದ ಬೆಲೆ ತೆತ್ತವರು ಹೆಚ್ಚಾಗಿ ಹೆಣ್ಣುಮಕ್ಕಳು. ಹುಡುಗನ ಕೈಯ ಕಾದಂಬರಿ ಕಿತ್ತುಕೊಂಡರೆ ಅವನು ಬೇರೆ ತರುತ್ತಿದ್ದ, ಹುಡುಗಿಯದ್ದು ಕಿತ್ತುಕೊಂಡರೆ ಅಲ್ಲಿಗೆ ಮುಗಿಯಿತು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ಓರಗೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮುಸ್ಲಿಂ ಹುಡುಗಿಯರು ಬೆರಳೆಣಿಕೆಯಷ್ಟು. ಅವರ 'ಚಂದ್ರಗಿರಿಯ ತೀರದಲ್ಲಿ' 1980ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಸಮುದಾಯದೊಳಗೆ ಎದ್ದ ಸಿಟ್ಟು ಎಲ್ಲರಿಗೂ ನೆನಪಿದೆ. ಆ ಸಿಟ್ಟಿನ ನಡುವೆಯೇ ಮುಂದಿನ ವಾರದ ಕಂತಿಗೆ ಕಾದವರೂ ಇದ್ದರಲ್ಲ, ಅವರನ್ನು ನಾವು ಮರೆತಿದ್ದೇವೆ. ತನ್ನ ಮನೆಯ ಅಡುಗೆಕೋಣೆ, ತನ್ನ ಉಮ್ಮನ ಮಾತು ಅಚ್ಚಿನಲ್ಲಿ ಕಂಡಾಗ ಆಗುವ ಬೆರಗು ಇದೆಯಲ್ಲ, ಅದು ಮಾರ್ಕಿಗೆ ಸಿಗುವಂಥದ್ದಲ್ಲ. ಒಪ್ಪಿದವರಿಗೂ ಅದು ಸಿಕ್ಕಿತು, ಒಪ್ಪದೆ ಬೈದವರಿಗೂ ಸಿಕ್ಕಿತು.

ಇವತ್ತಿನ ಮಕ್ಕಳಿಗೆ ಅದು ಎಲ್ಲಿ ಸಿಗಬೇಕು? ಇಲ್ಲಿ ನಾವು ಬರಹಗಾರರು ಸ್ವಲ್ಪ ನಮ್ಮ ಕಡೆಯೂ ನೋಡಿಕೊಳ್ಳಬೇಕು. ಮಕ್ಕಳಿಗೆಂದು ನಮ್ಮ ಕಡೆಯಿಂದ ಬರುವ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಪ್ರವಾದಿಗಳ ಚರಿತ್ರೆ, ಸಹಾಬಿಗಳ ಬದುಕು, ನೀತಿಕತೆ. ಅವು ಬೇಕು. ಆದರೆ ಕೊನೆಯ ಪುಟದಲ್ಲಿ ಉಪದೇಶವಿಲ್ಲದ, ಒಬ್ಬ ಹುಡುಗ ಮುಂಬ್ರಾ ಗುಡ್ಡಕ್ಕೆ ಗಾಳಿಪಟ ಹಾರಿಸಲು ಹೋಗಿ ದಾರಿ ತಪ್ಪಿದ ಅನ್ನುವಷ್ಟೇ ಇರುವ ಕತೆ ಎಷ್ಟಿವೆ? ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಬಾಪು ಗಾಂಧಿ ಆದ ಕತೆ'ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಅಷ್ಟು ದೊಡ್ಡ ಕತೆಗಾರ ಮಕ್ಕಳಿಗಾಗಿ ಕೂತು ಬರೆದರು. ಅವರ ನಂತರದ ನಮ್ಮ ಸಾಲಿನಲ್ಲಿ ಮಕ್ಕಳಿಗೆ ಬರೆಯುವುದನ್ನೇ ತನ್ನ ಕೆಲಸ ಅಂದುಕೊಂಡವರು ಎಷ್ಟು ಜನ? ಉರ್ದುವಿನಲ್ಲಾದರೆ ಮುಂಬಯಿಯಿಂದಲೇ 'ಗುಲ್ ಬೂಟೆ' ಎಂಬ ಮಕ್ಕಳ ಮಾಸಿಕ ಬರುತ್ತದೆ. ನಮ್ಮ ಪತ್ರಿಕೆಗಳಲ್ಲಿ ಮಕ್ಕಳಿಗೆ ಒಂದು ಪುಟ ಇದ್ದರೆ ಅದರಲ್ಲೂ ಅರ್ಧ ಕ್ವಿಜ್.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಾವು ಎಷ್ಟು ಸಂಭ್ರಮಿಸಿದೆವು! ಸ್ಟೇಟಸ್ ಹಾಕಿದೆವು, ಸನ್ಮಾನ ಮಾಡಿದೆವು. ನಮ್ಮ ವಿದ್ಯಾರ್ಥಿಗಳಿಗೆ ಅದು ಯಾವ ರೂಪದಲ್ಲಿ ತಲುಪಿತು? ಸಾಮಾನ್ಯ ಜ್ಞಾನದ ಒಂದು ಪ್ರಶ್ನೆಯಾಗಿ, ನಾಲ್ಕು ಆಯ್ಕೆಗಳ ಜೊತೆ. ಉತ್ತರ ಎಲ್ಲರಿಗೂ ಬರುತ್ತದೆ. ಒಂದು ಕತೆ ಓದಿದೆಯಾ ಅಂತ ಕೇಳಿದರೆ ಮುಖ ನೋಡುತ್ತಾರೆ.

ಮುಂಬಯಿ ಕನ್ನಡಿಗರು ಈ ಜಾಗದಲ್ಲಿ ಒಂದು ಮಾತು ಹೇಳುತ್ತಾರೆ: ಮೊದಲು ಮಕ್ಕಳಿಗೆ ಕನ್ನಡ ಕಲಿಸಿ, ಓದು ತಾನಾಗಿ ಬರುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ಕನ್ನಡ ಹೋದ ದುಃಖ ಒಂದು, ಓದು ಹೋದ ದುಃಖ ಇನ್ನೊಂದು. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಿದರೆ ಮಗುವಿನ ಮೇಲೆ ಐದನೆಯ ಉಸ್ತುವಾರಿಯೊಂದನ್ನು ಹೇರಿದ ಹಾಗೆ. ಥಾಣೆಯ ಹುಡುಗಿ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳನ್ನು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷಿನಲ್ಲಿ ಓದಲಿ, ಬಾನು ಅವರನ್ನು ದೀಪಾ ಅವರ ಇಂಗ್ಲಿಷಿನಲ್ಲಿ ಓದಲಿ, ಮರಾಠಿಯಲ್ಲಿ ಪು.ಲ. ದೇಶಪಾಂಡೆ ಓದಿ ಹೊಟ್ಟೆ ಹುಣ್ಣಾಗುವಷ್ಟು ನಗಲಿ. ರುಚಿ ಹತ್ತಿದ ಮೇಲೆ ಆಕೆಯೇ ಒಂದು ದಿನ ಅಜ್ಜಿಯ ಭಾಷೆಯ ಕಡೆ ಕೈ ಚಾಚಬಹುದು. ಚಾಚದಿದ್ದರೂ ಓದುಗಿಯಾಗಿ ಉಳಿದಿರುತ್ತಾಳೆ.

ಎಂಟನೇ ಕ್ಲಾಸಿನಿಂದ ಕತೆ ಬೇರೆ ತಿರುವು ಪಡೆಯುತ್ತದೆ. ಥಾಣೆ, ಕಲ್ಯಾಣ್, ಡೊಂಬಿವಲಿ ಸ್ಟೇಷನ್ನುಗಳ ಹೊರಗೆ ಇಳಿದರೆ ಸಾಕು, ರ‍್ಯಾಂಕ್ ಬಂದ ಮಕ್ಕಳ ಮುಖಗಳ ಬ್ಯಾನರು. ಖಾರ್‌ಘರ್, ನೆರೂಲ್‌ನಲ್ಲೂ ಅದೇ. ಸಿಡ್ಕೊ 1970ರಿಂದ ನವಿ ಮುಂಬಯಿಯನ್ನು ಕಟ್ಟುವಾಗ ಸೆಕ್ಟರ್ ಲೆಕ್ಕದಲ್ಲಿ ಶಾಲೆಗೆ, ಮಾರುಕಟ್ಟೆಗೆ, ಮೈದಾನಕ್ಕೆ ಜಾಗ ಬಿಟ್ಟಿತ್ತು. ಕೋಚಿಂಗ್ ಕ್ಲಾಸಿಗೆ ಯಾರೂ ಜಾಗ ಬಿಟ್ಟಿರಲಿಲ್ಲ, ಅದು ತನ್ನ ಜಾಗ ತಾನೇ ಮಾಡಿಕೊಂಡಿತು. ನೀಟ್ ಪರೀಕ್ಷೆಯಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಒಂದು ನಿಮಿಷಕ್ಕೆ ಒಂದು. ತಪ್ಪಿದರೆ ಅಂಕ ಕಳೆಯುತ್ತಾರೆ. ನಾಲ್ಕೈದು ವರ್ಷ ಈ ತಾಳಕ್ಕೆ ಕಣ್ಣನ್ನು ಪಳಗಿಸಿದ ಹುಡುಗನ ಕೈಗೆ ಕಾದಂಬರಿ ಕೊಟ್ಟರೆ ಏನಾಗುತ್ತದೆ? ಮೊದಲ ಇಪ್ಪತ್ತು ಪುಟ ಮಳೆಯ ವರ್ಣನೆ ಇದ್ದರೆ 'ಪಾಯಿಂಟ್ ಎಲ್ಲಿದೆ' ಅನ್ನುತ್ತಾನೆ. ಅವನು ಸೋಮಾರಿಯಲ್ಲ. ಓದುವಾಗ ಉತ್ತರ ಹುಡುಕಬೇಕು ಅಂತ ನಾವೇ ಕಲಿಸಿದ್ದು, ಕಾದಂಬರಿಯಲ್ಲಿ ಉತ್ತರ ಇರುವುದಿಲ್ಲ.

ಪೋಷಕರನ್ನು ಖಳನಾಯಕರು ಮಾಡುವುದು ಸುಲಭ, ನ್ಯಾಯವಲ್ಲ. ಬಾಡಿಗೆ ಮನೆಯಲ್ಲಿದ್ದು, ಚಿಕ್ಕ ಅಂಗಡಿಯೋ ಕೊಲ್ಲಿಯ ನೌಕರಿಯೋ ನಂಬಿ ಬದುಕುವ ಮನೆಗೆ ಮಗಳ ಸರ್ಕಾರಿ ಎಂಬಿಬಿಎಸ್ ಸೀಟು ಅಂದರೆ ಏನು ಅಂತ ನಮಗೆ ಗೊತ್ತು. ಕೆಲವು ಊರುಗಳಲ್ಲಿ ಹೆಸರು ನೋಡಿ ಮನೆ ಬಾಡಿಗೆಗೆ ಕೊಡುವವರಿದ್ದಾರೆ. ಅಂಥಲ್ಲಿ ಒಂದು ಡಿಗ್ರಿ ಮಾತ್ರವೇ ರಕ್ಷಣೆ ಅಂತ ತಂದೆ ಅಂದುಕೊಂಡರೆ ಅವರ ಜೊತೆ ಕಾದಂಬರಿಯ ಮಹಿಮೆ ಚರ್ಚಿಸಲು ನನಗೆ ಬಾಯಿ ಬರುವುದಿಲ್ಲ. ಆದರೆ ಒಂದನ್ನು ಕೇಳಬಹುದು. ಈ ಓಟದಲ್ಲಿ ಗೆಲ್ಲುವವರು ಕೆಲವರು. ಉಳಿದ ದೊಡ್ಡ ಸಂಖ್ಯೆಗೆ ಸೀಟೂ ಇಲ್ಲ, ನಡುವೆ ಕಳೆದುಕೊಂಡ ಓದೂ ಇಲ್ಲ. ಅವರಿಗೆ ಪುಸ್ತಕ ಕಂಡರೆ ಸೋತದ್ದು ನೆನಪಾಗುತ್ತದೆ.

ಪುಸ್ತಕ ಓದಿದರೆ ಸ್ಟಾರು, ಹತ್ತು ಓದಿದರೆ ಸರ್ಟಿಫಿಕೇಟು ಎಂಬ ಉಪಾಯವೂ ನಮ್ಮ ಶಾಲೆಗಳಲ್ಲಿದೆ. 1973ರಲ್ಲಿ ಅಮೆರಿಕದ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ನರ್ಸರಿ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದ್ದರು. ಚಿತ್ರ ಬಿಡಿಸುವುದು ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಬಹುಮಾನ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೊಟ್ಟರೂ ಕೊಟ್ಟರು. ಒಂದೆರಡು ವಾರದ ಮೇಲೆ ನೋಡಿದರೆ ಬಿಡುವಿನ ವೇಳೆಯಲ್ಲಿ ಅದೇ ಮಕ್ಕಳು ಮೊದಲಿಗಿಂತ ಕಡಿಮೆ ಚಿತ್ರ ಬಿಡಿಸುತ್ತಿದ್ದರು. ಏನೂ ಕೊಡದ ಮಕ್ಕಳ ಆಸಕ್ತಿ ಹಾಗೇ ಇತ್ತು. ನಮ್ಮ ಸರ್ಟಿಫಿಕೇಟಿನ ಓದು ಮೇ ತಿಂಗಳಲ್ಲಿ ನಿಂತುಹೋಗುವುದೂ ಇದಕ್ಕೇ ಇರಬೇಕು.

ಪುಸ್ತಕ ಸಿಗುವುದಿಲ್ಲ ಎಂಬ ನೆಪ ಮಾತ್ರ ಈ ಭಾಗದಲ್ಲಿ ನಡೆಯುವುದಿಲ್ಲ. ಥಾಣೆಯ ನಗರ ವಾಚನ ಮಂದಿರ 1850ರದ್ದು, ಅಂದರೆ ರೈಲಿಗಿಂತ ಹಳೆಯದು. ಕಲ್ಯಾಣಿನ ಸಾರ್ವಜನಿಕ ವಾಚನಾಲಯ 1864ರದ್ದು. ಥಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದ್ದು. ಡೊಂಬಿವಲಿಯಲ್ಲಿ 1986ರಲ್ಲಿ ಶುರುವಾದ ಪೈ ಫ್ರೆಂಡ್ಸ್ ಲೈಬ್ರರಿ ಖಾಸಗಿಯಾಗಿಯೇ ಬೆಳೆದು ಊರಿಗೆಲ್ಲ ಗೊತ್ತಾಗಿದೆ. ಅವರು ನಡೆಸುವ ಪುಸ್ತಕ ವಿನಿಮಯಕ್ಕೆ ಜನ ಓದಿ ಮುಗಿಸಿದ ಪುಸ್ತಕ ಚೀಲದಲ್ಲಿ ಹೊತ್ತು ತಂದು, ಬೇರೆಯವರದ್ದನ್ನು ಒಯ್ಯುತ್ತಾರೆ. ಸಾರಾಂಶ ಬರೆದು ಕೊಡಬೇಕಿಲ್ಲ. ಕನ್ನಡದಲ್ಲಿ ಇಂಥದ್ದೊಂದು ಇಲ್ಲಿ ಯಾಕಾಗಬಾರದು ಅಂತ ಹೊಟ್ಟೆಕಿಚ್ಚಾಗುತ್ತದೆ.

ಮುಂಬ್ರಾದಿಂದ ಥಾಣೆ ಎರಡೇ ಸ್ಟೇಷನ್, ನಡುವೆ ಕಳವಾ ಒಂದೇ. ಆದರೂ ನಮ್ಮ ಮಕ್ಕಳು ಆ ಲೈಬ್ರರಿಗಳ ಮೆಟ್ಟಿಲು ಹತ್ತುವುದು ಅಪರೂಪ. ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. 'ಅದು ಅವರದ್ದು' ಎಂಬ ಭಾವನೆ ನಮ್ಮೊಳಗಿದೆ, ತನ್ನಂಥ ಹೆಸರಿನ ಹುಡುಗ ನಾಯಕನಾಗಿರುವ ಪುಸ್ತಕ ಆ ಕಪಾಟುಗಳಲ್ಲೂ ಕಡಿಮೆ. ಎರಡು ಕಡೆಯದ್ದೂ ತಪ್ಪು. ಇದರ ಮೇಲೆ ಇನ್ನೊಂದು ಬದಲಾವಣೆ. ಈಗ ಎಲ್ಲಿ ನೋಡಿದರೂ 'ಅಭ್ಯಾಸಿಕೆ'. ಅಂದರೆ ಸ್ಪರ್ಧಾ ಪರೀಕ್ಷೆಯ ಮಕ್ಕಳಿಗೆ ಕುರ್ಚಿ, ಮೇಜು, ಫ್ಯಾನು, ವೈಫೈ. ಬೇಕಾದ ಸೌಕರ್ಯವೇ, ಒಂದೇ ಕೋಣೆಯ ಮನೆಯಲ್ಲಿ ಕೂತು ಓದಲಾಗದವರಿಗೆ ದೊಡ್ಡ ಉಪಕಾರ. ಆದರೆ ಅಲ್ಲಿ ಒಬ್ಬ ಕತೆಪುಸ್ತಕ ತೆಗೆದು ಕೂತರೆ ಪಕ್ಕದವನು ತಲೆಯೆತ್ತಿ ನೋಡುತ್ತಾನೆ. ಓದುವ ಕೋಣೆಯಲ್ಲೇ ಓದುವುದಕ್ಕೆ ಸಂಕೋಚ!

ನಮ್ಮ ಜಮಾಅತ್, ಸಂಘಗಳ ಆಫೀಸುಗಳಲ್ಲೂ ಒಂದು ಗಾಜಿನ ಕಪಾಟು ಇರುತ್ತದೆ. ಒಳಗೆ ಸ್ಮರಣ ಸಂಚಿಕೆ, ದಾನ ಬಂದ ಬೈಂಡು ಪುಸ್ತಕ, ಟ್ರೋಫಿ. ಬೀಗದ ಕೈ ಸೆಕ್ರೆಟರಿ ಬಳಿ. ಮಹಾರಾಷ್ಟ್ರದ 1967ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ವ್ಯವಸ್ಥೆಯಲ್ಲಿ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಅ, ಬ, ಕ, ಡ ಎಂಬ ದರ್ಜೆಯ ಪ್ರಕಾರ ಸರ್ಕಾರಿ ಅನುದಾನ ಇದೆ. ಮದುವೆ ಹಾಲ್ ಕಟ್ಟಲು ನಾವು ಓಡಾಡಿದ ಕಾಲುಭಾಗ ಇದಕ್ಕೆ ಓಡಾಡಿದ್ದರೆ ಸಾಕಿತ್ತು. ಅಷ್ಟಾಗುವವರೆಗೆ ಆ ಬೀಗವನ್ನಾದರೂ ತೆಗೆಯಬಹುದು. ಪುಸ್ತಕ ಕಳೆದುಹೋಗುತ್ತದೆ ಅಂತ ಹೆದರುವವರಿಗೆ ನನ್ನ ಉತ್ತರ: ಹೋಗಲಿ. ಕದ್ದ ಪುಸ್ತಕವನ್ನು ಜನ ಓದುತ್ತಾರೆ.

ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಸುಲಭ. ಕನ್ನಡ ಓದಲು ಬಾರದ ಮಗುವಿಗೂ ಕನ್ನಡ ಕಿವಿಯಲ್ಲಿ ಅರ್ಥವಾಗುತ್ತದೆ. ರಾತ್ರಿ ಊಟವಾದ ಮೇಲೆ ಉಮ್ಮನೋ ಉಪ್ಪನೋ ಹತ್ತು ನಿಮಿಷ ಗಟ್ಟಿಯಾಗಿ ಓದಲಿ, ಫಕೀರ್ ಮುಹಮ್ಮದ್ ಕಟ್ಪಾಡಿಯವರದ್ದೋ ಬೊಳುವಾರರದ್ದೋ ಒಂದು ಕತೆ. ಓದಿ ಮುಗಿದ ಮೇಲೆ ಪ್ರಶ್ನೆ ಕೇಳಬೇಡಿ. ಅರ್ಥವಾಯ್ತಾ ಅಂತಲೂ ಕೇಳಬೇಡಿ. ಫ್ರಾನ್ಸಿನ ಡ್ಯಾನಿಯಲ್ ಪೆನಾಕ್ ಎಂಬ ಮೇಷ್ಟ್ರು 1992ರಲ್ಲಿ ಓದುಗರ ಹತ್ತು ಹಕ್ಕುಗಳ ಪಟ್ಟಿ ಮಾಡಿದ್ದರು. ಅದರಲ್ಲಿ ಮೊದಲನೆಯದೇ ಓದದಿರುವ ಹಕ್ಕು. ಪುಟ ಹಾರಿಸುವುದು, ಅರ್ಧಕ್ಕೆ ಬಿಡುವುದು, ಓದಿದ್ದನ್ನೇ ಮತ್ತೆ ಓದುವುದು ಎಲ್ಲ ಅದರಲ್ಲಿವೆ. ನಮ್ಮ ಮನೆಗಳಲ್ಲಿ ಅರ್ಧಕ್ಕೆ ಬಿಟ್ಟ ಪುಸ್ತಕ ಅಂದರೆ ದುಡ್ಡು ದಂಡ. ಮಗು ಕಾಮಿಕ್ಸ್ ಹಿಡಿದರೆ 'ಇದೇನು ಓದೋದು' ಅನ್ನುತ್ತೇವೆ. ಫುಟ್ಬಾಲ್ ಪುಸ್ತಕವೇ ಇರಲಿ, ದೆವ್ವದ ಕತೆಯೇ ಇರಲಿ, ಅದು ತಾನೇ ಆರಿಸಿಕೊಂಡದ್ದು ಎಂಬುದಷ್ಟೇ ಮುಖ್ಯ.

ಶಾಲೆಗಳಿಗೆ ಹೇಳುವುದಕ್ಕೆ ನನಗೆ ಒಂದೇ ಇದೆ, ಅದೂ ಹತ್ತನೇ ತರಗತಿಯದ್ದು. 2025ರಲ್ಲಿ ಮಹಾರಾಷ್ಟ್ರದ ಎಸ್ಸೆಸ್ಸಿ ಪರೀಕ್ಷೆ ಫೆಬ್ರವರಿ 21ಕ್ಕೆ ಶುರುವಾಗಿ ಮಾರ್ಚ್ 17ಕ್ಕೆ ಮುಗಿಯಿತು. ರಮಝಾನ್ ಆಗ ಅರ್ಧ ಕಳೆದಿತ್ತು, ನಮ್ಮ ಮಕ್ಕಳು ಉಪವಾಸದಲ್ಲೇ ಕೂತು ಬರೆದರು. ಫಲಿತಾಂಶ ಬಂದದ್ದು ಮೇ 13ಕ್ಕೆ. ನಡುವೆ ಎಂಟು ವಾರ. ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಯಾವ ತರಗತಿಗೂ ಸೇರದ ಎಂಟು ವಾರ. ಹಿಂದಿನವರು ಇಂಥ ರಜೆಯಲ್ಲಿ ಊರಿಗೆ ಹೋಗಿ ಮಾಳಿಗೆಯ ಹಳೇ ವಾರಪತ್ರಿಕೆಗಳನ್ನೆಲ್ಲ ತಿಂದು ಮುಗಿಸುತ್ತಿದ್ದರು. ಈಗ ಕೊನೆಯ ಪೇಪರ್ ಬರೆದು ಹೊರಬರುವ ಮಕ್ಕಳ ಕೈಗೆ ಸೆಂಟರಿನ ಗೇಟಿನಲ್ಲೇ ಹನ್ನೊಂದನೇ ತರಗತಿಯ ಕ್ರ್ಯಾಶ್ ಕೋರ್ಸಿನ ಪ್ಯಾಂಫ್ಲೆಟ್ ಸಿಗುತ್ತದೆ, ಬ್ಯಾಚ್ ಮುಂದಿನ ಸೋಮವಾರದಿಂದ. ಈ ಸಲ ಮಾರ್ಚಿನಲ್ಲಿ ನಮ್ಮ ಸಂಘಗಳಲ್ಲಿ ಯಾರಾದರೂ ಅದೇ ಗೇಟಿನಲ್ಲಿ ನಿಂತು, ಪ್ಯಾಂಫ್ಲೆಟ್ ಕೊಡುವವರ ಪಕ್ಕದಲ್ಲೇ, ಒಂದೊಂದು ಕತೆಪುಸ್ತಕ ಕೊಟ್ಟು ಕಳಿಸುವುದಾದರೆ ಪುಸ್ತಕ ಕಟ್ಟುವ ಕೆಲಸಕ್ಕೆ ನಾನೂ ಬರುತ್ತೇನೆ. ಹೆಸರು, ಫೋನ್ ನಂಬರ್ ಬರೆದುಕೊಳ್ಳುವುದು ಬೇಡ.